ಜಂಗು ಬಿಡಿಸುವ ನಿಂಬೆ ಉಪ್ಪಿನ ನೀರು

ಗಂಗಾವತಿ ಸುತ್ತ ಈಗ ಭತ್ತ ಕೊಯ್ಯೋದೆಲ್ಲ ಮಷೀನು. ಕುಡಗೋಲಿಗೆ ಕೆಲಸ ಕಡಿಮೆ. ಮೂಲೆಯಲ್ಲಿ ಕೂತು ಕೂತು ಮಳೆಗಾಲ ಮುಗಿಯುವಷ್ಟರಲ್ಲಿ ಜಂಗು ಹಿಡಿದಿರುತ್ತದೆ. ಹೋದ ವರ್ಷ ಸೊಸೆ ಒಂದನ್ನು ಎತ್ತಿ ನೋಡಿ, "ಅತ್ತಿ, ಇದನ್ನ ಗುಜರಿಗೆ ಹಾಕೂಣ್ರಿ" ಅಂದಳು. ಒಂದು ರಾತ್ರಿ ತಡಿ ಅಂದೆ. ಮರುದಿನ ಸಾಣೆ ಹಿಡಿಸಿಕೊಂಡು ಬಂದು ಅದರಲ್ಲೇ ಎಮ್ಮೆಗೆ ಮೇವು ಕೊಯ್ದಳು.

ಮಾಡಿದ್ದು ಇಷ್ಟೇ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಸಿಗುತ್ತದಲ್ವಾ, ಸಿಟ್ರಿಕ್ ಆಸಿಡ್ ಅಂತಲೂ ಅನ್ನುತ್ತಾರೆ. ಒಂದು ಲೀಟರ್ ಬಿಸಿ ನೀರಿಗೆ 50 ಗ್ರಾಂ ಹಾಕಿ ಕರಗಿಸಿ. ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು, ಅಲ್ಯೂಮಿನಿಯಂ ಪಾತ್ರೆ ಬೇಡ. ಸಾಮಾನಿನ ಮೇಲೆ ಎಣ್ಣೆ ಜಿಡ್ಡು ಇದ್ದರೆ ಮೊದಲು ಸೋಪು ಹಾಕಿ ತಿಕ್ಕಿ ತೊಳೆಯಿರಿ. ಜಿಡ್ಡಿನ ಮೇಲೆ ಹುಳಿ ಹತ್ತುವುದಿಲ್ಲ. ಆಮೇಲೆ ಪೂರ್ತಿ ಮುಳುಗುವಂತೆ ಇಡಿ. ಅರ್ಧ ಹೊರಗಿದ್ದರೆ ನೀರಿನ ಗೆರೆಯ ಹತ್ತಿರ ಕಲೆ ಬೀಳುತ್ತದೆ. ತೆಳು ಜಂಗಿಗೆ ಎರಡು ಮೂರು ತಾಸು ಸಾಕು, ದಪ್ಪ ಇದ್ದರೆ ರಾತ್ರಿಯಿಡೀ ಬಿಡಿ. ನಡುನಡುವೆ ತೆಗೆದು ಬ್ರಷ್‌ನಿಂದ ಉಜ್ಜಿ ನೋಡಿ. ಜಂಗು ಹೋದ ಮೇಲೂ ಬಿಟ್ಟರೆ ಹುಳಿ ಕಬ್ಬಿಣವನ್ನೇ ತಿನ್ನುತ್ತದೆ. ಸ್ಪ್ರಿಂಗ್‌ನಂಥವನ್ನು ಇದರಲ್ಲಿ ನೆನೆ ಹಾಕಲೇ ಬೇಡಿ, ಮುರಿದಾವು. ತಗಡಿನ ಬಕೆಟ್ಟನ್ನೂ ಹಾಕಬೇಡಿ. ನಾನು ಒಮ್ಮೆ ಹಾಕಿ ಅದರ ಸತುವಿನ ಲೇಪ ಪೂರ್ತಿ ಕಳೆದುಕೊಂಡೆ.

ಬಹಳ ಜನ ಸೋಲುವುದು ಇದಾದ ಮೇಲೆ. ಹೊರಗೆ ತೆಗೆದು, ಆಹಾ ಎಷ್ಟು ಚೆಂದ ಆಯ್ತು ಅಂತ ಕಟ್ಟೆ ಮೇಲೆ ಇಟ್ಟು ಚಹಾ ಕುಡಿಯಲು ಹೋಗುತ್ತಾರೆ. ಬರುವಷ್ಟರಲ್ಲಿ ಮತ್ತೆ ಕೆಂಪು! ಸಂಡೂರಿನ ಗುಡ್ಡದ ಅದಿರಿನಲ್ಲಿ ಇರುವುದೂ ಕಬ್ಬಿಣ ಮತ್ತು ಆಮ್ಲಜನಕ, ಜಂಗಿನಲ್ಲೂ ಅವೇ. ಕುಲುಮೆಯಲ್ಲಿ ಅಷ್ಟು ಕಷ್ಟಪಟ್ಟು ಬಿಡಿಸಿದರೂ ಕಬ್ಬಿಣಕ್ಕೆ ಮಣ್ಣಿಗೆ ಮರಳುವ ಚಟ ಹೋಗಿಲ್ಲ. ಹಾಗಾಗಿ ತೆಗೆದ ಕೂಡಲೇ ಒಂದು ಚಮಚ ಅಡುಗೆ ಸೋಡಾ ಕರಗಿಸಿದ ನೀರಲ್ಲಿ ಅದ್ದಿ, ಬೇರೆ ನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ. ನಮ್ಮ ಬಿಸಿಲಿಗೆ ಹತ್ತು ನಿಮಿಷದಲ್ಲಿ ಒಣಗುತ್ತದೆ. ಬಿಸಿ ಇರುವಾಗಲೇ ಎಣ್ಣೆ ಸವರಿ. ಹೊಲಿಗೆ ಮಷೀನಿನ ಭಾಗಗಳಿಗೆ ಮಷೀನ್ ಎಣ್ಣೆಯನ್ನೇ ಹಾಕಿ. ಅಡುಗೆ ಎಣ್ಣೆ ಹಾಕಿದರೆ ಅಂಟಾಗಿ ಸಿಕ್ಕಿಕೊಳ್ಳುತ್ತದೆ.

ರೊಟ್ಟಿ ಹಂಚಿಗೆ ಮಾತ್ರ ನಾನು ಇದನ್ನು ಬಳಸುವುದಿಲ್ಲ. ಹುಣಸೆಹಣ್ಣಿನ ರಸಕ್ಕೆ ಹರಳುಪ್ಪು ಹಾಕಿ ತಿಕ್ಕುತ್ತೇನೆ, ತೊಳೆದು ಒಲೆ ಮೇಲೆ ಒಣಗಿಸಿ ಕುಸುಬಿ ಎಣ್ಣೆಯನ್ನು ತೆಳ್ಳಗೆ ಸವರಿ ಹೊಗೆ ಬರುವವರೆಗೆ ಕಾಯಿಸುತ್ತೇನೆ. ಮೂರು ಸಲ ಹೀಗೆ ಮಾಡಿದರೆ ಹಂಚು ಮತ್ತೆ ಕಪ್ಪಗೆ ಮಿಂಚುತ್ತದೆ.

ಬಾತ್‌ರೂಮ್ ತೊಳೆಯುವ ಆಸಿಡ್ ಬೇಗ ಕೆಲಸ ಮಾಡುತ್ತದೆ, ನಿಜ. ಆ ಆಸೆಗೆ ನಾನೂ ಬಿದ್ದಿದ್ದೆ. ಪಾನಾಗಳನ್ನು ಅದರಲ್ಲಿ ತೊಳೆದು, ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದೆ ಸಾಮಾನಿನ ಕೋಣೆಯಲ್ಲೇ ಇಟ್ಟೆ. ಅದರ ಹೊಗೆಗೆ ಒಂದೇ ವಾರದಲ್ಲಿ ಗರಗಸ, ಕೊಡಲಿ, ಮೊಳೆಯ ಡಬ್ಬಿ ಎಲ್ಲಕ್ಕೂ ಜಂಗು. ಒಂದಕ್ಕೆ ಔಷಧಿ ಮಾಡಲು ಹೋಗಿ ಊರಿಗೆಲ್ಲ ಜ್ವರ ಹಚ್ಚಿದಂತಾಯ್ತು. ಯಾವ ಆಸಿಡ್ಡಿಗೂ, ನಿಂಬೆ ಉಪ್ಪಿಗೂ ಕೂಡ, ಬ್ಲೀಚಿಂಗ್ ಪೌಡರ್ ಬೆರೆಸಬೇಡಿ. ವಿಷಗಾಳಿ ಏಳುತ್ತದೆ.

ನಿಂಬೆ ಉಪ್ಪಿನ ನೀರನ್ನು ಎರಡು ಮೂರು ಸಲ ಬಳಸಬಹುದು. ಕುಡಿಯುವ ನೀರಿನ ಬಾಟಲಿಯಲ್ಲಿ ಮಾತ್ರ ತುಂಬಿಡಬೇಡಿ. ನೋಡಲು ಥೇಟ್ ಶರಬತ್ತಿನ ಹಾಗೇ ಇರುತ್ತದೆ, ನಮ್ಮ ಮೊಮ್ಮಗ ಆಗಲೇ ಒಂದು ಸಲ ಲೋಟ ಹಿಡಿದುಕೊಂಡು ಬಂದಿದ್ದ.