ಕೊಕ್ಕೋ ತೋಟದ ಮನೆಯಲ್ಲಿ ಚಾಕೊಲೇಟ್ ಕಾರಂಜಿ

ಮೊದಲ ಸಲ ಸ್ವಿಚ್ ಹಾಕಿದಾಗ ಚಾಕೊಲೇಟು ಪರದೆಯ ಹಾಗೆ ಇಳಿಯಲಿಲ್ಲ. ಮೇಲಿನ ತಟ್ಟೆಯ ಅಂಚಿನಿಂದ ತೊಟ್ಟು ತೊಟ್ಟಾಗಿ, ಅದೂ ಒಂದೇ ಮಗ್ಗುಲಿಗೆ ಬಿತ್ತು. ಮಗಳ ಹತ್ತನೆಯ ಹುಟ್ಟುಹಬ್ಬಕ್ಕೆ ಎಂಟೇ ದಿನ ಉಳಿದಿತ್ತು. ಆ ಎಂಟು ದಿನಗಳಲ್ಲಿ ಕಲಿತದ್ದನ್ನು, ಆಮೇಲೆ ನೆಂಟರ ಮನೆಗಳಲ್ಲಿ ಮೂರು ನಾಲ್ಕು ಸಲ ಇದೇ ಕಾರಂಜಿ ಹರಿಸಿ ಗಟ್ಟಿ ಮಾಡಿಕೊಂಡದ್ದನ್ನು ಬರೆಯುತ್ತಿದ್ದೇನೆ.

ನಮ್ಮದು ಪುತ್ತೂರಿನ ಹತ್ತಿರ ಅಡಿಕೆ ತೋಟ. ಅಡಿಕೆಯ ನಡುವೆ ಕೊಕ್ಕೋ ಉಂಟು. ಮಾವ ಕಾಯಿ ಕೊಯ್ದು, ಒಡೆದು, ಹಸಿಬೀಜವನ್ನು ಅಡಿಕೆ, ಕೊಕ್ಕೋ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೆ ಕೊಡುತ್ತಾರೆ. ಪುತ್ತೂರಿನಲ್ಲಿ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆ ಶುರುವಾದದ್ದು 1986ರಲ್ಲಿ. ನಾವು ಬೆಳೆಯುವ ಬೀಜಕ್ಕೂ ಮಗಳು ಮಂಗಳೂರಿನ ಮದುವೆ ಹಾಲಿನಲ್ಲಿ ಕಂಡು ಆಸೆಪಟ್ಟ ಕಾರಂಜಿಗೂ ನಂಟಿದೆ ಎಂಬುದು ನನಗೆ ಮೊದಲಿನಿಂದಲೂ ಮನಸ್ಸಿನಲ್ಲಿತ್ತು. ಅದಕ್ಕೇ ಕೇಟರಿಂಗಿನವರಿಗೆ ಹೇಳದೆ ನಾನೇ ಮಾಡುವುದು ಎಂದು ಹೊರಟೆ.

ಯಂತ್ರದ ವಿಷಯ ಮೊದಲು. ಅಮೆರಿಕದಲ್ಲಿರುವ ನಾದಿನಿ ಹಿಂದೊಮ್ಮೆ ತಂದುಕೊಟ್ಟದ್ದು ಅಟ್ಟದಲ್ಲಿತ್ತು. ಇಳಿಸಿ ಅಡಿಯ ಚೀಟಿ ಓದಿದರೆ 110 ವೋಲ್ಟ್. ನಮ್ಮ 230 ವೋಲ್ಟಿಗೆ ಅದನ್ನು ನೇರವಾಗಿ ಚುಚ್ಚಿದರೆ ಹೀಟರೂ ಮೋಟರೂ ಸುಟ್ಟುಹೋಗುತ್ತವೆ. ಹೊರದೇಶದಿಂದ ಬಂದದ್ದಾದರೆ ಮೊದಲು ಆ ಚೀಟಿ ನೋಡಿ. ಆಮೇಲೆ ಮೂರು ತಟ್ಟೆಯ, ಸುಮಾರು ಒಂದೂಕಾಲು ಅಡಿ ಎತ್ತರದ್ದನ್ನು ಹೊಸದಾಗಿ ಕೊಂಡೆ. ಐವತ್ತು ಜನರೊಳಗಿನ ಮನೆ ಕಾರ್ಯಕ್ರಮಕ್ಕೆ ಇಷ್ಟು ಎತ್ತರ ಧಾರಾಳ. ಎತ್ತರ ಹೆಚ್ಚಿದಷ್ಟೂ ತಟ್ಟೆಗಳನ್ನು ತುಂಬಿಸಲಿಕ್ಕೇ ಚಾಕೊಲೇಟು ಬೇಕು, ಅದು ಯಾರ ಹೊಟ್ಟೆಗೂ ಹೋಗುವುದಿಲ್ಲ.

ನಾನು ನೋಡಿ ಆರಿಸಿದ್ದು ಮೂರು ಸಂಗತಿ. ಬಿಸಿಗೆ ಬೇರೆ, ಹರಿವಿಗೆ ಬೇರೆ ಸ್ವಿಚ್ ಇರಬೇಕು, ಏಕೆಂದರೆ ಮೋಟರ್ ತಿರುಗುವ ಮೊದಲು ಬುಡದ ಬಟ್ಟಲು ಕಾಯಬೇಕು. ಕಾಲುಗಳನ್ನು ತಿರುಗಿಸಿ ಎತ್ತರ ತಗ್ಗು ಮಾಡಲು ಬರಬೇಕು. ಕಂಬ, ತಟ್ಟೆ, ಕಂಬದೊಳಗೆ ತಿರುಗುವ ಸುರುಳಿ ಎಲ್ಲವೂ ಕಳಚಿ ತೊಳೆಯುವಂತಿರಬೇಕು. ಆ ಸುರುಳಿಯೇ ಇದರ ಜೀವ. ಬುಡದಲ್ಲಿ ಕರಗಿದ ಚಾಕೊಲೇಟನ್ನು ಅದು ಕಂಬದೊಳಗಿಂದ ಮೇಲಕ್ಕೇರಿಸುತ್ತದೆ. ತುದಿಯಲ್ಲಿ ಉಕ್ಕಿದ್ದು ತಟ್ಟೆಯಿಂದ ತಟ್ಟೆಗೆ ಇಳಿದು ಮತ್ತೆ ಬುಡ ಸೇರುತ್ತದೆ.

ಇನ್ನು ಚಾಕೊಲೇಟು. ಮೊದಲ ದಿನ ನಾನು ಸೋತದ್ದು ಇಲ್ಲೇ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಕಾಂಪೌಂಡ್ ಗಟ್ಟಿಯನ್ನು ಕರಗಿಸಿ ಹಾಗೆಯೇ ಸುರಿದಿದ್ದೆ. ಅದು ಉದ್ದಿನ ದೋಸೆ ಹಿಟ್ಟಿನಷ್ಟು ದಪ್ಪ. ಕಾರಂಜಿಗೆ ಬೇಕಾದ ಹದ ಅದಲ್ಲ. ನೀರುದೋಸೆ ಹಿಟ್ಟಿಗಿಂತ ತುಸು ದಪ್ಪ, ಸೌಟಿನಲ್ಲಿ ಎತ್ತಿ ಬಿಟ್ಟರೆ ಎಲ್ಲೂ ಕಡಿಯದೆ ನೂಲಿನಂತೆ ಇಳಿಯಬೇಕು. ದಪ್ಪ ಕಂಡ ಅತ್ತೆ, “ಸ್ವಲ್ಪ ಬಿಸಿ ಹಾಲು ಹಾಕಿ ನೋಡುವನಾ?” ಅಂದರು. ನನಗೂ ಸರಿ ಕಂಡಿತು. ಎರಡು ಚಮಚ ಹಾಕಿ ಕಲಕಿದ್ದೇ ತಡ, ಹೊಳೆಯುತ್ತಿದ್ದ ಚಾಕೊಲೇಟು ಮಂಕಾಗಿ, ತರಿತರಿಯಾಗಿ, ಸೌಟಿಗೆ ಮುದ್ದೆ ಕಟ್ಟಿತು.

ಕಾರಣ ಸರಳ. ಚಾಕೊಲೇಟಿನಲ್ಲಿ ಸಕ್ಕರೆಯ, ಕೊಕ್ಕೋದ ನುಣ್ಣನೆಯ ಪುಡಿ ಕೊಬ್ಬಿನಲ್ಲಿ ತೇಲುತ್ತಿರುತ್ತದೆ. ಒಂದಿಷ್ಟು ನೀರು ಸೇರಿದರೆ ಸಾಕು, ಪುಡಿ ತೇವ ಹೀರಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಹಾಲೂ ಬಹುಪಾಲು ನೀರೇ ತಾನೆ? ಕೆಟ್ಟದ್ದನ್ನು ಚೆಲ್ಲಲಿಲ್ಲ. ಇನ್ನೂ ಒಂದು ಲೋಟ ಬಿಸಿ ಹಾಲು ಹಾಕಿ ಚೆನ್ನಾಗಿ ಕದಡಿದರೆ ಅದು ಸಾಸಿನ ಹಾಗೆ ನುಣ್ಣಗಾಗುತ್ತದೆ. ಎರಡು ದಿನ ಐಸ್‌ಕ್ರೀಮಿಗೆ ಸುರಿದುಕೊಂಡೆವು. ಕಾರಂಜಿಗೆ ಮಾತ್ರ ಅದು ಆಗುವುದಿಲ್ಲ.

ತೆಳು ಮಾಡಬೇಕಾದದ್ದು ಎಣ್ಣೆಯಿಂದ. ಮನೆಯ ತೆಂಗಿನೆಣ್ಣೆ ಹಾಕಿ ನೋಡಿದೆ, ಹರಿವು ಚೆನ್ನಾಗಿಯೇ ಬಂತು, ಆದರೆ ಗಾಣದ ಎಣ್ಣೆಯ ಪರಿಮಳ ಚಾಕೊಲೇಟನ್ನೇ ಮುಚ್ಚಿತು. ಕೊನೆಗೆ ವಾಸನೆಯಿಲ್ಲದ ಸೂರ್ಯಕಾಂತಿ ಎಣ್ಣೆಗೇ ನಿಂತೆ. ಕಾಂಪೌಂಡ್ ಬಿಟ್ಟು ಕೂವರ್ಚರ್ ತಂದೆ. ಪೊಟ್ಟಣದ ಹಿಂದೆ ಓದಿದರೆ ವ್ಯತ್ಯಾಸ ತಿಳಿಯುತ್ತದೆ: ಕಾಂಪೌಂಡಿನಲ್ಲಿ ಕೊಕ್ಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು, ಕೂವರ್ಚರ್‌ನಲ್ಲಿ ಕೊಕ್ಕೋ ಬೆಣ್ಣೆಯೇ, ಅದೂ ಕಡಿಮೆಯೆಂದರೆ ನೂರಕ್ಕೆ 31 ಪಾಲು. ಬೆಣ್ಣೆ ಹೆಚ್ಚಿರುವುದರಿಂದ ಎಣ್ಣೆ ಕಡಿಮೆ ಸಾಕು, ಬಾಯಲ್ಲಿ ಅಂಟೂ ಉಳಿಯುವುದಿಲ್ಲ. ನಾನು ಮುಕ್ಕಾಲು ಕಿಲೋ ಡಾರ್ಕ್, ಮುಕ್ಕಾಲು ಕಿಲೋ ಮಿಲ್ಕ್ ಸೇರಿಸಿ, ಒಟ್ಟು ಒಂದೂವರೆ ಕಿಲೋಗೆ ನೂರು ಮಿಲಿಯಿಂದ ತೊಡಗಿ, ಸೌಟು ಎತ್ತಿ ನೋಡುತ್ತ ನೋಡುತ್ತ ನೂರ ಮೂವತ್ತರವರೆಗೆ ಎಣ್ಣೆ ಹಾಕಿದೆ. ಕಾಂಪೌಂಡಿಗಾದರೆ ಇನ್ನೂ ಹೆಚ್ಚು ಬೇಕು. ಖರ್ಚು ಕಡಿಮೆ ಇರಲಿ ಅಂದರೆ ಕಾಂಪೌಂಡೂ ನಡೆಯುತ್ತದೆ, ಆದರೆ ತಿಂದವರಿಗೆ ಗೊತ್ತಾಗುತ್ತದೆ.

ಅದು 2024ರ ಮೇ ತಿಂಗಳು. ಘಾನಾ, ಐವರಿ ಕೋಸ್ಟ್‌ಗಳಲ್ಲಿ ಬೆಳೆ ಕೈಕೊಟ್ಟು ಜಾಗತಿಕ ಪೇಟೆಯಲ್ಲಿ ಕೊಕ್ಕೋ ಟನ್ನಿಗೆ 10,000 ಡಾಲರ್ ದಾಟಿ ಎರಡು ತಿಂಗಳಷ್ಟೇ ಆಗಿತ್ತು. ಹಸಿಬೀಜದ ಧಾರಣೆ ಕೇಳಿ ಮಾವನ ಮುಖ ಅರಳಿತ್ತು. ನಾನು ಮಾತ್ರ ಕೂವರ್ಚರ್‌ಗೆ ದುಡ್ಡು ಎಣಿಸಬೇಕಾಯಿತು.

ಕರಗಿಸುವುದಕ್ಕೆ ಅವಸರ ಬೇಡ. ಸಣ್ಣಗೆ ಹೆಚ್ಚಿ, ಕುದಿ ನಿಲ್ಲಿಸಿದ ನೀರಿನ ಪಾತ್ರೆಯ ಮೇಲೆ ಒಣಗಿದ ಬಟ್ಟಲಿಟ್ಟು ಕರಗಿಸಿದೆ. ಬಟ್ಟಲಿನ ತಳ ನೀರಿಗೆ ತಾಗದಿರಲಿ, ಹಬೆಯೂ ಒಳಗೆ ಹೋಗದಿರಲಿ. 40ರಿಂದ 45 ಡಿಗ್ರಿ ಬಿಸಿ ಸಾಕು, ಬೆರಳು ಅದ್ದಿದರೆ ಬೆಚ್ಚಗೆ ಅನಿಸುವಷ್ಟು. ಕಾರಂಜಿಯ ಬಟ್ಟಲಿನಲ್ಲೇ ಗಟ್ಟಿ ಹಾಕಿ ಕರಗಿಸಲು ಹೋದರೆ ಅಡಿ ಹಿಡಿಯುತ್ತದೆ. ಬಟ್ಟಲನ್ನು ಹತ್ತು ನಿಮಿಷ ಕಾಯಿಸಿ, ಕರಗಿದ್ದನ್ನು ಸುರಿದು, ಆಮೇಲೆ ಮೋಟರ್.

ಒಂದೇ ಮಗ್ಗುಲಿಗೆ ಬಿದ್ದದ್ದರ ಕಾರಣ ಮೇಜು. ಕಣ್ಣಿಗೆ ಸಮವಾಗಿಯೇ ಇತ್ತು. ಗಾರೆಯವರ ರಸಮಟ್ಟ ತಂದು ಮೇಲಿನ ತಟ್ಟೆಯ ಮೇಲೆ ಉದ್ದಕ್ಕೆ, ಅಡ್ಡಕ್ಕೆ ಇಟ್ಟೆ. ಗುಳ್ಳೆ ಎಡಕ್ಕೆ ಸರಿಯಿತು. ಕಾಲೊಂದನ್ನು ಎರಡು ಸುತ್ತು ತಿರುಗಿಸಿದ ಮೇಲೆ ಪರದೆ ಸುತ್ತಲೂ ಒಂದೇ ಸಮನೆ ಇಳಿಯತೊಡಗಿತು. ಹಳೆಯ ಮನೆಗಳ ಕೆಂಪು ಗಾರೆ ನೆಲದಲ್ಲಂತೂ ಇದನ್ನು ನೋಡದೆ ಆಗುವುದೇ ಇಲ್ಲ. ಇಷ್ಟಾದ ಮೇಲೂ ಹರಿವು ಬಿಕ್ಕಿ ಬಿಕ್ಕಿ ಬಂದರೆ ಕಂಬದೊಳಗೆ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಮೋಟರನ್ನು ಅರ್ಧ ನಿಮಿಷ ನಿಲ್ಲಿಸಿ ಮತ್ತೆ ಹಾಕಿದರೆ ಸರಿಹೋಗುತ್ತದೆ.

ಇಡುವ ಜಾಗ ಅಂಗಳವೆಂದು ಮಗಳ ಆಸೆ. ನಾನು ಒಪ್ಪಲಿಲ್ಲ. ಗಾಳಿ ಬೀಸಿದರೆ ಆ ತೆಳು ಪರದೆ ಹರಿದು ಮಕ್ಕಳ ಅಂಗಿಗೆ ಎರಚುತ್ತದೆ. ಮೇ ಕೊನೆಯ ಸಂಜೆ, ದೀಪ ಹಾಕಿದರೆ ಮಳೆಹುಳಗಳು ಮುತ್ತುತ್ತವೆ, ಒಂದು ಬಿದ್ದರೂ ಇಡೀ ಬಟ್ಟಲು ಹೋಯಿತು. ಚಾವಡಿಯ ಮೂಲೆಯಲ್ಲಿ, ಫ್ಯಾನಿನ ನೇರ ಗಾಳಿ ಬೀಳದ ಕಡೆ ಇಟ್ಟೆ. ಇನ್ವರ್ಟರ್ ಲೈನಿರುವ ಪ್ಲಗ್ಗೂ ಅಲ್ಲೇ ಇತ್ತು. ಪರೀಕ್ಷೆಯ ದಿನ ಗುಡುಗಿಗೆ ಕರೆಂಟು ಹೋಗಿ ಮುಕ್ಕಾಲು ಗಂಟೆ ಬಾರದೆ ಸುರುಳಿ ಕಚ್ಚಿಕೊಂಡಿತ್ತು. ಹಾಗಾದಾಗ ಮೋಟರ್ ಹಾಕಲೇಬಾರದು. ಬರೀ ಹೀಟರ್ ಹಾಕಿ, ಕಂಬದೊಳಗಿನದೂ ಕರಗುವ ತನಕ ಕಾಯಬೇಕು.

ಅದ್ದುವ ತಿಂಡಿಗೆ ಒಂದೇ ನಿಯಮ: ಒಣಗಿರಬೇಕು, ಉದುರಬಾರದು. ಅನಾನಸು ಹೆಚ್ಚಿ ಬಟ್ಟೆಯ ಮೇಲೆ ಹರವಿ, ಮತ್ತೊಂದು ಬಟ್ಟೆಯಿಂದ ಒತ್ತಿ ಒರೆಸಿದೆ. ಕದಳಿ ಬಾಳೆ ಕಡ್ಡಿಯಿಂದ ಕಳಚಿ ಬೀಳುತ್ತದೆ, ತುಸು ಗಟ್ಟಿ ಇರುವ ನೇಂದ್ರ ಒಳ್ಳೆಯದು. ಮಾರ್ಷ್‌ಮ್ಯಾಲೋ ಮಕ್ಕಳಿಗೆ ಇಷ್ಟ, ಆದರೆ ಹೆಚ್ಚಿನವುಗಳಲ್ಲಿ ಜೆಲಾಟಿನ್ ಇರುತ್ತದೆ. ಸಸ್ಯಾಹಾರಿಗಳ ಮನೆಯಾದರೆ ಹಸಿರು ಚುಕ್ಕೆ ನೋಡದೆ ತರಬೇಡಿ. ಕೇಕಿನ ತುಂಡು ಉದುರಿ ಸುರುಳಿಗೆ ಸಿಕ್ಕುತ್ತದೆ, ಅದನ್ನು ದೂರವಿಟ್ಟೆ. ಎಲ್ಲಕ್ಕಿಂತ ಹೆಚ್ಚು ಖರ್ಚಾದದ್ದು ಉಪ್ಪು ಹಾಕಿ ಕರಿದ ಹಲಸಿನ ಚಿಪ್ಸ್. ಅದೂ ಮುರಿಯುವಂಥದ್ದೇ, ಹಾಗಾಗಿ ತಟ್ಟೆಯಲ್ಲಿಟ್ಟು ಮೇಲಿನಿಂದ ಸಣ್ಣ ಸೌಟಿನಲ್ಲಿ ಸುರಿದು ಕೊಟ್ಟೆವು. ಉಪ್ಪು, ಕಹಿ, ಸಿಹಿ ಒಟ್ಟಿಗೆ ನಾಲಿಗೆಗೆ ಬಂದಾಗ ದೊಡ್ಡವರೂ ಮತ್ತೆ ಸಾಲಿಗೆ ನಿಂತರು.

ಕಚ್ಚಿದ್ದನ್ನು ಮತ್ತೆ ಅದ್ದುವುದು ಮಕ್ಕಳ ಸ್ವಭಾವ. ಅದಕ್ಕೆ ದೊಡ್ಡವರೊಬ್ಬರು ಪಕ್ಕದಲ್ಲಿ ನಿಲ್ಲಲೇಬೇಕು. ಅಣ್ಣನ ಮಗನನ್ನು ನಿಲ್ಲಿಸಿ, ಒಂದು ಕಡ್ಡಿಗೆ ಒಂದೇ ತುಂಡು ಎಂದು ಹೇಳಿದ್ದೆ. ನಲವತ್ತೈದು ಜನರಿಗೆ ಒಂದೂವರೆ ಕಿಲೋ ಸಾಲದೇ ಬರಬಹುದೆಂದು ಇನ್ನೊಂದು ಅರ್ಧ ಕಿಲೋ ಕರಗಿಸಿ ಬೆಚ್ಚಗಿಟ್ಟಿದ್ದೆ. ನಡುವೆ ಸೇರಿಸುವುದಿದ್ದರೆ ಅಷ್ಟೇ ಬೆಚ್ಚಗಿರಬೇಕು, ತಣ್ಣಗಿನದು ಬಿದ್ದರೆ ಪರದೆ ಕಡಿಯುತ್ತದೆ. ನಾಯಿಯನ್ನು ಹಿಂದಿನ ಕೊಟ್ಟಿಗೆಯಲ್ಲಿ ಕಟ್ಟಿದ್ದೆವು, ಚಾಕೊಲೇಟು ನಾಯಿಗೆ ವಿಷ.

ಕಾರಂಜಿಯ ಪಕ್ಕದಲ್ಲಿ ಒಂದು ಬಾಳೆಲೆಯ ಮೇಲೆ ಒಡೆದ ಕೊಕ್ಕೋ ಕಾಯಿ ಇಟ್ಟಿದ್ದೆ. ಪೇಟೆಯ ಮಕ್ಕಳು ಬಿಳಿ ತಿರುಳು ಚೀಪಿ, ಹುಳಿಸಿಹಿ ಹಣ್ಣಿನ ರುಚಿಗೆ ಕಣ್ಣರಳಿಸಿದರು. ಬೀಜ ಕಚ್ಚಿದವನೊಬ್ಬ ಕಹಿಗೆ ಉಗುಳಿದ. ಅದನ್ನು ಐದಾರು ದಿನ ಹುಳಿಬರಿಸಿ, ಒಣಗಿಸಿ, ಹುರಿದ ಮೇಲೆಯೇ ಚಾಕೊಲೇಟಿನ ಪರಿಮಳ ಬರುವುದೆಂದು ಮಾವ ಅವರಿಗೆಲ್ಲ ವಿವರಿಸಿದರು. ಮಕ್ಕಳು ಚದುರಿದ ಮೇಲೆ ಅವರೊಬ್ಬರೇ ಕಾರಂಜಿಯ ಎದುರು ಬಂದು ನಿಂತರು. ಇಷ್ಟು ವರ್ಷ ಬೀಜ ತೂಗಿ ಕೊಟ್ಟವರು ಅದು ಹೀಗೆ ಹರಿಯುವುದನ್ನು ನೋಡಿರಲಿಲ್ಲ.

“ನಮ್ಮ ತೋಟದ್ದು ಇದರಲ್ಲಿ ಉಂಟಾ ಮಗಾ?” ಎಂದು ಕೇಳಿದರು.

“ಹೇಳಲಿಕ್ಕಾಗುವುದಿಲ್ಲ ಮಾವ, ಇದು ಬೇರೆ ಕಡೆ ಮಾಡಿದ್ದು” ಎಂದೆ. ಒಂದು ನೇಂದ್ರದ ತುಂಡು ಅದ್ದಿ ಕೊಟ್ಟೆ. ನಿಧಾನವಾಗಿ ತಿಂದು, “ಇನ್ನೊಂದು ಕೊಡು” ಎಂದರು.

ತೊಳೆಯುವ ಕೆಲಸವನ್ನು ಬೆಳಿಗ್ಗೆಗೆ ಬಿಡಬೇಡಿ. ಬಿಸಿ ಇರುವಾಗಲೇ ಕಳಚಿ, ಉಳಿದದ್ದನ್ನು ಹಳೆ ಪೇಪರಿಗೆ ಬಳಿದು ತೆಗೆಯಬೇಕು. ಎಲ್ಲರೂ ಕೈ ಅದ್ದಿದ್ದು, ಅದನ್ನು ಎತ್ತಿಡುವುದು ಬೇಡ. ಸಿಂಕಿಗೆ ಸುರಿದರೆ ಕೊಬ್ಬು ಪೈಪಿನಲ್ಲಿ ಹೆಪ್ಪುಗಟ್ಟಿ ನೀರು ನಿಲ್ಲುತ್ತದೆ. ನಾನು ಒರೆಸಿದ ಮೇಲೆ ಬಕೆಟಿನ ಬಿಸಿನೀರಿನಲ್ಲಿ ತೊಳೆದು ಆ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿದೆ. ಮೋಟರಿರುವ ಬುಡವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಅಷ್ಟೆ.

ಸುರುಳಿಯನ್ನೂ ತಟ್ಟೆಗಳನ್ನೂ ಮರುದಿನ ಪೂರ್ತಿ ಬಿಸಿಲಿಗಿಟ್ಟೆ. ಸಂದಿಯಲ್ಲಿ ನೀರು ಉಳಿದರೆ ಮುಂದಿನ ಸಲದ ಚಾಕೊಲೇಟು ಮುದ್ದೆಯಾಗುತ್ತದೆ. ಬರುವ ತಿಂಗಳು ಚಿಕ್ಕಮ್ಮನ ಮನೆಯ ಗೃಹಪ್ರವೇಶಕ್ಕೆ ಅದನ್ನು ಕೊಂಡುಹೋಗಲಿಕ್ಕುಂಟು. ರಸಮಟ್ಟವನ್ನೂ ಅದೇ ಪೆಟ್ಟಿಗೆಗೆ ಹಾಕಿಟ್ಟಿದ್ದೇನೆ.