ಪೆನ್ಸಿಲ್ ಚುಕ್ಕಿಯ ಲೆಕ್ಕ: ಬಿಕಾಂ ಅಡ್ಮಿಷನ್‌ನಲ್ಲಿ ನನ್ನ ಅನುಭವ

ಯಾವ ಮಕ್ಕಳು ಅರ್ಧಕ್ಕೇ ಕಾಲೇಜು ಬಿಡಬಹುದು ಅಂತ ಅಡ್ಮಿಷನ್ ದಿನವೇ ಊಹಿಸಲು ನಾನೊಂದು ಎಕ್ಸೆಲ್ ಶೀಟ್ ಮಾಡಿಕೊಂಡಿದ್ದೇನೆ. 2024ರಲ್ಲಿ ನಮ್ಮ ಕಾಲೇಜಿನ ಬಿಕಾಂಗೆ 118 ಮಕ್ಕಳು ಸೇರಿದರು. ಮೂರನೇ ಸೆಮಿಸ್ಟರಿನ ಹಾಜರಿ ಪುಸ್ತಕದಲ್ಲಿ 104 ಹೆಸರು ಉಳಿದಿವೆ. 105 ಕೂಡ ಇರಬಹುದು, ಒಬ್ಬಳ ಟಿಸಿ ವಿಷಯ ಇನ್ನೂ ಎಳೆದಾಡುತ್ತಿದೆ. ಕೋವಿಡ್‌ಗೆ ಮುಂಚೆ ಇದೇ ಲೆಕ್ಕ 120ಕ್ಕೆ 86ರ ಆಸುಪಾಸು ಇತ್ತು. "ಎಕ್ಸೆಲ್ ಶೀಟ್ ತೋರಿಸಿದ್ರೆ ಹುಡುಗರು ಕ್ಲಾಸಿನಲ್ಲಿ ಕೂತುಬಿಡ್ತಾರಾ ಸಾರ್?" ಎಂದು ಸ್ಟಾಫ್ ರೂಮಿನಲ್ಲಿ ನಕ್ಕವರೇ ಈಗ ಆ ಶೀಟ್ ಕಳಿಸಿ ಅನ್ನುತ್ತಿದ್ದಾರೆ. ಅದಕ್ಕೇ ಬರೆಯೋಣ ಅನ್ನಿಸಿತು.

ನಾನು ದಾವಣಗೆರೆಯ ಒಂದು ಪದವಿ ಕಾಲೇಜಿನಲ್ಲಿ ಕಾಮರ್ಸ್ ಮೇಷ್ಟ್ರು. ಅಡ್ಮಿಷನ್ ಕಮಿಟಿ ನನ್ನ ತಲೆಗೆ ಬಿದ್ದು ಆರೇಳು ವರ್ಷ ಆಯಿತು. ಯುಯುಸಿಎಂಎಸ್ (ವಿಶ್ವವಿದ್ಯಾಲಯಗಳ ಆನ್‌ಲೈನ್ ಅಡ್ಮಿಷನ್, ಪರೀಕ್ಷೆ ವ್ಯವಸ್ಥೆ), ಎಕ್ಸೆಲ್‌ನಲ್ಲಿ ಪಟ್ಟಿಯನ್ನು ಗುಂಪು ಮಾಡಿ ಎಣಿಸುವ ಪಿವಟ್ ಟೇಬಲ್, ಒಂದು ಪಟ್ಟಿಯ ಹೆಸರನ್ನು ಇನ್ನೊಂದರಲ್ಲಿ ಹುಡುಕುವ ವಿಲುಕಪ್, ಇವೇ ನನ್ನ ಸಲಕರಣೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೂ, ಉನ್ನತ ಶಿಕ್ಷಣದ ದೇಶವ್ಯಾಪಿ ಸಮೀಕ್ಷೆ ಎಐಎಸ್‌ಎಚ್‌ಇಗೂ ನಾವು ಕಳಿಸುವ ಅಂಕಿಗಳೇ ನನ್ನ ಬಂಡವಾಳ. ಕಳಿಸಿದ ಮೇಲೆ ಅವನ್ನು ಯಾರೂ ತೆರೆದು ನೋಡಲ್ಲ, ಅಷ್ಟೇ.

2021ರ ಕೊನೆಯಲ್ಲಿ ಶುರು ಮಾಡಿದೆ. 2015-16ರಿಂದ ಅಡ್ಮಿಷನ್ ಅರ್ಜಿ, ಫಲಿತಾಂಶದ ಪಟ್ಟಿ, ಫೀ ಬಾಕಿ ಪುಸ್ತಕ ಮೂರನ್ನೂ ಒಂದು ಕಡೆ ತರಬೇಕಿತ್ತು. ಹಳೇ ಪಟ್ಟಿಗಳೆಲ್ಲ 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಆಗಿದ್ದವು, ಹೊಸವು ಈಗಿನ ಯೂನಿಕೋಡ್ ಅಕ್ಷರದಲ್ಲಿ. ಕಣ್ಣಿಗೆ ಒಂದೇ ಮಂಜುನಾಥ, ಎಕ್ಸೆಲ್‌ಗೆ ಇಬ್ಬರು. ಇನಿಷಿಯಲ್ ಒಂದು ಪಟ್ಟಿಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಹರಪನಹಳ್ಳಿಯಂತೂ ಮೂರು ಜಿಲ್ಲೆಯಲ್ಲಿ ಸಿಕ್ಕಿತು. 2018ರವರೆಗೆ ದಾವಣಗೆರೆ, ಆಮೇಲೆ ಬಳ್ಳಾರಿ, 2021ರಿಂದ ವಿಜಯನಗರ. ಜಿಲ್ಲೆ ನಂಬಿ ಪಿವಟ್ ಹಾಕಿದಾಗ ಬಳ್ಳಾರಿ ಮಕ್ಕಳು ಇದ್ದಕ್ಕಿದ್ದಂತೆ ಜಾಸ್ತಿಯಾಗಿ, ಮೂರು ವರ್ಷದಲ್ಲಿ ಮಾಯವಾದರು! ಅವತ್ತಿನಿಂದ ಜಿಲ್ಲೆ ಕಾಲಂ ಕಿತ್ತು ಹಾಕಿ ತಾಲ್ಲೂಕು ಇಟ್ಟುಕೊಂಡೆ. ಇಬ್ಬರು ವಿದ್ಯಾರ್ಥಿಗಳನ್ನು ಕೂರಿಸಿ, ಒಂದು ಹೆಸರಿಗೆ ಎರಡು ರೂಪಾಯಿ ಕೊಟ್ಟು ಎಲ್ಲ ಮತ್ತೆ ಟೈಪ್ ಮಾಡಿಸಿದೆ. ನಾಲ್ಕು ಸಾವಿರದ ಹತ್ತಿರ ಆಯಿತು. ನನ್ನ ಜೇಬಿನದೇ.

ಇಷ್ಟೆಲ್ಲ ಮಾಡಿದ ಮೇಲೆ ಲೆಕ್ಕ ಹಾಕಿದರೆ ನಮ್ಮಲ್ಲಿ ಕಾಲೇಜು ಬಿಡುವವರೇ ಇಲ್ಲ ಅನ್ನುವಂತೆ ಬಂತು. ಎರಡು ವಾರ ತಲೆ ಕೆರೆದುಕೊಂಡೆ. ಕಾರಣ ಆಫೀಸಿನ ಬೀರುವಿನಲ್ಲಿತ್ತು. ಟಿಸಿ ಕೊಟ್ಟ ಕೂಡಲೇ ಆ ಹುಡುಗನ ಅರ್ಜಿಯನ್ನು ಫೈಲಿನಿಂದ ತೆಗೆದು ಬೇರೆ ಕಟ್ಟಿಗೆ ಸೇರಿಸುತ್ತಿದ್ದರು. ನಾನು ನೋಡುತ್ತಿದ್ದದ್ದು ಉಳಿದವರ ಅರ್ಜಿಗಳನ್ನು ಮಾತ್ರ. ಬಿಟ್ಟವರ ಕಟ್ಟುಗಳು ಬೀರುವಿನ ಮೇಲೆ, ಗೋಣಿದಾರದಲ್ಲಿ ಕಟ್ಟಿ, ಧೂಳು ತಿನ್ನುತ್ತಿದ್ದವು. ಇಳಿಸಿ ನೋಡಿದರೆ ಟಿಸಿಯಲ್ಲಿ ಕಾಲೇಜು ಬಿಡಲು ಕಾರಣ ಅನ್ನುವ ಜಾಗದಲ್ಲಿ ಎಲ್ಲರಿಗೂ ಒಂದೇ ಮಾತು: 'ಉನ್ನತ ವ್ಯಾಸಂಗಕ್ಕಾಗಿ'. ಮೊದಲ ಸೆಮಿಸ್ಟರಿನಲ್ಲಿ ಐದು ವಿಷಯ ಫೇಲಾಗಿ ಬೆಂಗಳೂರಿಗೆ ಡೆಲಿವರಿ ಕೆಲಸಕ್ಕೆ ಹೋದವನಿಗೂ ಉನ್ನತ ವ್ಯಾಸಂಗ!

ಆದರೆ ಕೆಲವರಿಗೆ ಆ ಮಾತು ನಿಜವೂ ಆಗಿತ್ತು. 85ರ ಮೇಲೆ ಅಂಕ ತೆಗೆದವರು ಸುಮ್ನೆ ಇರಲಿ ಅಂತ ನಮ್ಮಲ್ಲಿ ಸೇರಿ, ಬೇರೆ ಕೋರ್ಸಿನಲ್ಲಿ ಸೀಟು ಸಿಕ್ಕ ಕೂಡಲೇ ಹೋಗುತ್ತಿದ್ದರು. ಇವರನ್ನೂ, ಓದನ್ನೇ ಬಿಟ್ಟವರನ್ನೂ ಒಂದೇ ಬುಟ್ಟಿಗೆ ಹಾಕಿದ್ದರಿಂದ 'ಜಾಣರೇ ಜಾಸ್ತಿ ಬಿಡುತ್ತಾರೆ' ಅನ್ನುವ ಹುಚ್ಚು ಉತ್ತರ ಬಂದಿತ್ತು. ಅದನ್ನು ಮೀಟಿಂಗಿನಲ್ಲಿ ಹೇಳಿಯೂ ಬಿಟ್ಟಿದ್ದೆ. ಈಗಲೂ ಆಡಿಕೊಳ್ಳುತ್ತಾರೆ.

ಆಮೇಲೆ ಸಾಫ್ಟ್‌ವೇರ್ ಕಥೆ. ಒಬ್ಬ ಹುಡುಗ ಕಂಪ್ಯೂಟರೇ ಭವಿಷ್ಯ ಹೇಳುವ ಹಾಗೆ ಮಾಡಿಕೊಡ್ತೀನಿ ಅಂದ. ಮ್ಯಾನೇಜ್‌ಮೆಂಟಿಗೆ ಹೇಳಿ 35 ಸಾವಿರ ಕೊಡಿಸಿದೆ. ಎರಡು ತಿಂಗಳ ಮೇಲೆ ಬಂದು "72 ಪರ್ಸೆಂಟ್ ಕರೆಕ್ಟ್ ಬರ್ತತಿ ಸಾರ್" ಅಂದ. ಖುಷಿಯೋ ಖುಷಿ. ಬಿಡುವವರು ಯಾರ‍್ಯಾರು ಅಂತ ಹೇಳಿದೆ ನೋಡೋಣ ಎಂದು ಪಟ್ಟಿ ತೆಗೆಸಿದರೆ ಒಂದು ಹೆಸರೂ ಇಲ್ಲ. ಎಲ್ಲರೂ ಉಳಿಯುತ್ತಾರೆ ಅಂದುಬಿಟ್ಟರೆ 72 ಪರ್ಸೆಂಟ್ ಸರಿ ಬಂದೇ ಬರುತ್ತೆ, ಉಳಿಯುತ್ತಿದ್ದವರೇ ಅಷ್ಟು ಅಲ್ವಾ? ಅದನ್ನು ನಮ್ಮ ಅಟೆಂಡರ್ ಒಂದು ಟೀ ಕುಡಿದು ಹೇಳುತ್ತಿದ್ದರು.

2021ರ ಬ್ಯಾಚನ್ನು ಪಕ್ಕಕ್ಕೆ ಇಡಿ, ಇದು ಮಾತ್ರ ನೆನಪಿರಲಿ. ಆ ವರ್ಷ ರೆಗ್ಯುಲರ್ ಮಕ್ಕಳಿಗೆ ದ್ವಿತೀಯ ಪಿಯು ಪರೀಕ್ಷೆ ರದ್ದಾಗಿತ್ತು. ಎಸ್‌ಎಸ್‌ಎಲ್‌ಸಿಗೆ 45, ಪ್ರಥಮ ಪಿಯುಗೆ 45, ಆಂತರಿಕಕ್ಕೆ 10 ಅಂತ ಲೆಕ್ಕ ಹಾಕಿ ಎಲ್ಲರನ್ನೂ ಪಾಸು ಮಾಡಿದ್ದರು. ಆ ಅಂಕಗಳನ್ನು ಬೇರೆ ವರ್ಷದ ಜೊತೆ ಬೆರೆಸಿದರೆ ಇಡೀ ಶೀಟ್ ಕೆಡುತ್ತದೆ. ನನ್ನದು ಒಂದು ವರ್ಷ ಕೆಟ್ಟೇ ಇತ್ತು.

ಕೊನೆಗೆ ಕೈಗೆ ಸಿಕ್ಕಿದ್ದು ಇಷ್ಟು. ಪಿಯು ಅಂಕಕ್ಕೂ ಕಾಲೇಜು ಬಿಡುವುದಕ್ಕೂ ನಾವು ಅಂದುಕೊಂಡಷ್ಟು ನಂಟಿಲ್ಲ. 50 ತೆಗೆದವನೂ 75 ತೆಗೆದವನೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಉಳಿಯುತ್ತಾರೆ. ಸೇರಿದ ತಾರೀಖು ಮಾತ್ರ ಮಾತಾಡುತ್ತದೆ. ದಂಡ ಕಟ್ಟಿ ಕೊನೇ ವಾರ ಸೇರಿದವರು ಮೊದಲೇ ಸೇರಿದವರ ಮೂರು ಪಟ್ಟು ಪ್ರಮಾಣದಲ್ಲಿ ಬಿಡುತ್ತಿದ್ದರು. ಪಿಯುನಲ್ಲಿ ಅಕೌಂಟೆನ್ಸಿ ಓದದೆ ಆರ್ಟ್ಸಿನಿಂದ ಬಂದವರು ಮೊದಲ ಸೆಮಿಸ್ಟರಿನಲ್ಲೇ ಕುಸಿಯುತ್ತಿದ್ದರು. ಮೂರನೆಯದು ಬಸ್ಸು. ಜಗಳೂರು ಕಡೆಯ ಹಳ್ಳಿಯಿಂದ ಬರುವವರಿಗೆ 8.45ರ ಮೊದಲ ಕ್ಲಾಸು ಯಾವ ಕಾಲಕ್ಕೂ ಸಿಗುತ್ತಿರಲಿಲ್ಲ. ಹಾಜರಿ ಕಮ್ಮಿ, ಪರೀಕ್ಷೆಗೆ ಕೂರಿಸಲ್ಲ ಅಂತ ಬೈಗುಳ, ಆಮೇಲೆ ಟಿಸಿ.

ಹಾಗಾಗಿ ಅಡ್ಮಿಷನ್ ದಿನ ಅರ್ಜಿಯ ಹಿಂಬದಿ ಮೂಲೆಯಲ್ಲಿ ಪೆನ್ಸಿಲ್ ಚುಕ್ಕಿ ಇಡೋಕೆ ಶುರು ಮಾಡಿದೆ. ಪೆನ್ನಲ್ಲ, ಪೆನ್ಸಿಲ್. ಮೊದಲ ವರ್ಷ ಕೆಂಪು ಸ್ಟಿಕರ್ ಅಂಟಿಸಿದ್ದೆ. ಒಬ್ಬ ತಂದೆ ನೋಡಿ "ನಮ್ಮ ಹುಡುಗಿಗೆ ಯಾಕ್ರೀ ಕೆಂಪು?" ಎಂದು ಕೌಂಟರಿನಲ್ಲೇ ಜಗಳಕ್ಕೆ ನಿಂತರು. ತಪ್ಪು ನನ್ನದೇ. ಚುಕ್ಕಿ ಬೀಳಲು ಒಟ್ಟು ಐದು ವಿಷಯ ನೋಡುತ್ತೇನೆ, ಒಂದೊಂದಕ್ಕೆ ಒಂದು ಚುಕ್ಕಿ. ಮೂರು ಮೇಲೆ ಹೇಳಿದವೇ, ನಾಲ್ಕನೆಯದನ್ನು ನೀವೇ ಊಹಿಸಬಹುದು. ಐದನೆಯದು ನಾನು ಹುಡುಗರಿಗೆ ಫೋಟೋ ಅಂಟಿಸುವಾಗ ಕೇಳುವ ಒಂದು ಸಾದಾ ಪ್ರಶ್ನೆ. ಅದನ್ನು ಇಲ್ಲಿ ಬರೆಯಲ್ಲ. ಊರಿಗೆಲ್ಲ ಗೊತ್ತಾದರೆ ರೆಡಿ ಉತ್ತರ ಬರುತ್ತದೆ.

ಚುಕ್ಕಿ ವಿಷಯ ಸೆಕ್ರೆಟರಿ ಕಿವಿಗೆ ಬಿತ್ತು. "ಹಂಗಾದ್ರ ಮೂರು ಚುಕ್ಕಿ ಬಿದ್ದೋರಿಗೆ ಸೀಟೇ ಕೊಡಬ್ಯಾಡ್ರಿ ಮೇಷ್ಟ್ರೇ. ರಿಸಲ್ಟೂ ಚಲೋ ಬರ್ತತಿ, ನ್ಯಾಕ್‌ನೋರಿಗೂ ತೋರಿಸಬಹುದು" ಅಂದರು. ಸೀಟು ಕೊಡೋದು ಮೆರಿಟ್ ಮತ್ತು ರೋಸ್ಟರ್ (ಮೀಸಲಾತಿ ಪಟ್ಟಿ) ಪ್ರಕಾರ, ಚುಕ್ಕಿಗೆ ಅಲ್ಲಿ ಜಾಗ ಇಲ್ಲ ಅಂದೆ. ಅವರು ಒಪ್ಪಿದ ಹಾಗೆ ಕಾಣಲಿಲ್ಲ. ಆಗ ಹಳೇ ಲೆಕ್ಕ ತೋರಿಸಿದೆ. ಮೂರು ಚುಕ್ಕಿ ಬೀಳಬಹುದಾಗಿದ್ದವರಲ್ಲೂ ಅರ್ಧಕ್ಕಿಂತ ಜಾಸ್ತಿ ಜನ ಡಿಗ್ರಿ ಮುಗಿಸಿದ್ದರು. ಅವರನ್ನು ಬಾಗಿಲಲ್ಲೇ ತಡೆದರೆ ಅವರ ಫೀಸೂ ಹೋಯಿತು ಸಾರ್ ಅಂದೆ. ಫೀಸು ಅಂದಿದ್ದು ಕೆಲಸ ಮಾಡಿತು. ನಮ್ಮಲ್ಲಿ ವರ್ಷಕ್ಕೆ ಹದಿನೆಂಟು ಸಾವಿರದ ಹತ್ತಿರ. ಹದಿನೆಂಟು ಹುಡುಗರು ಇನ್ನೆರಡು ವರ್ಷ ಉಳಿದರೆ ಆರೂವರೆ ಲಕ್ಷ. ಸೆಕ್ರೆಟರಿ ಕ್ಯಾಲ್ಕ್ಯುಲೇಟರ್ ಒತ್ತಿ ನೋಡಿದರು.

ಬದಲಾಯಿಸಿದ್ದು ಹುಡುಗರನ್ನಲ್ಲ, ನಮ್ಮ ಟೈಮ್‌ಟೇಬಲ್. ಮೊದಲ ಕ್ಲಾಸು 9.40ಕ್ಕೆ ಹೋಯಿತು. ಇದಕ್ಕೆ ಸ್ಟಾಫಿನಲ್ಲೇ ದೊಡ್ಡ ಗಲಾಟೆ, ಮಧ್ಯಾಹ್ನ ಬೇಗ ಮನೆಗೆ ಹೋಗುವುದು ತಪ್ಪಿತಲ್ಲ. ಆರ್ಟ್ಸ್ ಮಕ್ಕಳಿಗೆ ಹನ್ನೆರಡು ದಿನ ಬರೀ ಡೆಬಿಟ್, ಕ್ರೆಡಿಟ್ ಹೇಳಿಕೊಟ್ಟೆವು. ಮೂರು ಚುಕ್ಕಿಯವರನ್ನು ಮೊದಲ ಹತ್ತು ದಿನದೊಳಗೆ ಒಬ್ಬ ಮೇಷ್ಟ್ರು ಕೂರಿಸಿಕೊಂಡು ಮಾತಾಡಲೇಬೇಕು ಅಂತ ಮಾಡಿದೆವು.

ಚನ್ನಗಿರಿ ಕಡೆಯ ಒಬ್ಬ ಹುಡುಗ ಹಾಗೆ ಬಂದು ಕೂತ. ಕೈ ಟೇಬಲ್ ಕೆಳಗೇ ಇಟ್ಟುಕೊಂಡಿದ್ದ. ಸಹಿ ಹಾಕು ಅಂದಾಗ ನೋಡಿದೆ, ಬೆರಳ ತುದಿಗಳೆಲ್ಲ ಅಡಿಕೆ ಕಲೆಯಿಂದ ಕಪ್ಪಾಗಿದ್ದವು. ರಾತ್ರಿ ಅಡಿಕೆ ಸುಲಿಯಲು ಹೋಗುತ್ತಿದ್ದ. ಅಕ್ಟೋಬರಿನಲ್ಲಿ ಎರಡನೇ ಕಂತು ಕಟ್ಟಬೇಕಲ್ಲ ಸಾರ್ ಅಂದ. ಮೆಕ್ಕೆಜೋಳ ಕಟಾವಾಗಿ ಮಾರಾಟವಾಗುವ ಮೊದಲೇ ನಾವು ರೈತರ ಮಕ್ಕಳ ಹತ್ತಿರ ಕಂತು ಕೇಳುತ್ತಿದ್ದೆವು! ಇಪ್ಪತ್ತು ವರ್ಷದಿಂದ ಯಾರಿಗೂ ಇದು ಹೊಳೆದಿರಲಿಲ್ಲ, ನನಗೂ ಸೇರಿ. ಕಂತು ಜನವರಿಗೆ ಹೋಯಿತು. ಬಾಕಿ ಪುಸ್ತಕ ಅರ್ಧ ಆಯಿತು.

ಮಧ್ಯದಲ್ಲಿ ಸುಮ್ನೆ ಒಂದು ಪ್ರಯೋಗ ಮಾಡಿದೆ. ವಾರ ಬಾರದವರಿಗೆ ಫೋನ್ ಯಾರು ಮಾಡಬೇಕು? ಅರ್ಧ ಮಂದಿಗೆ ಮೇಷ್ಟ್ರು, ಅರ್ಧ ಮಂದಿಗೆ ಅದೇ ತಾಲ್ಲೂಕಿನ ಎರಡನೇ ವರ್ಷದ ವಿದ್ಯಾರ್ಥಿ. ಮೇಷ್ಟ್ರ ನಂಬರ್ ನೋಡಿದರೆ ಫೋನೇ ಎತ್ತಲ್ಲ. ಸೀನಿಯರ್ ಮಾಡಿದರೆ "ಹೂಂ ಅಣ್ಣ, ಸೋಮವಾರ ಬರ್ತೀನಿ." ಮೂವರಲ್ಲಿ ಇಬ್ಬರು ಬಂದೇ ಬರುತ್ತಿದ್ದರು. ರೀಚಾರ್ಜಿಗೆ ಎರಡೂವರೆ ಸಾವಿರ ಖರ್ಚು. ಹಾಗೇ ವಾಟ್ಸಾಪ್ ಗುಂಪು ಮಾಡಿದ್ದು ಪೂರ್ತಿ ದಂಡ, ಗುಡ್ ಮಾರ್ನಿಂಗ್ ಹೂವು ಬಿಟ್ಟರೆ ಏನೂ ಬರಲಿಲ್ಲ.

ಇದೆಲ್ಲ 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಆದದ್ದು, ನಿಮ್ಮ ಚುಕ್ಕಿಯಿಂದಲ್ಲ ಅನ್ನುವವರಿದ್ದಾರೆ. ಹುಡುಗಿಯರ ಮಟ್ಟಿಗೆ ಅದು ಬಹಳ ಮಟ್ಟಿಗೆ ನಿಜ. ಬಸ್ಸು ಫ್ರೀ ಆದ ಮೇಲೆ ದೂರದ ಚುಕ್ಕಿ ಅವರಿಗೆ ಸುಳ್ಳಾಯಿತು, ತೆಗೆದುಹಾಕಿದೆ. ಆದರೆ ಹುಡುಗರಿಗೆ ಟಿಕೆಟ್ ಫ್ರೀ ಆಗಿಲ್ಲವಲ್ಲ? ಅವರಲ್ಲೂ ಉಳಿದವರು ಜಾಸ್ತಿಯಾಗಿದ್ದಾರೆ. ನಾಲ್ಕು ವರ್ಷದ ಡಿಗ್ರಿ ಹೋಗಿ 2024ರಿಂದ ಮತ್ತೆ ಮೂರು ವರ್ಷದ್ದು ಬಂತು, ಅದಕ್ಕೇ ಉಳಿದರು ಅಂತಲೂ ಒಬ್ಬರು ಅಂದರು. ಮೊದಲ ವರ್ಷವೇ ಬಿಡುವ ಹುಡುಗ ನಾಲ್ಕನೇ ವರ್ಷದ ಚಿಂತೆ ಮಾಡುತ್ತಾನಾ?

ಒಟ್ಟು ನನ್ನ ಜೇಬಿನಿಂದ ಹನ್ನೊಂದು ಸಾವಿರ ಹೋಗಿದೆ, ಏಳು ವಾಪಸ್ ಬಂದಿದೆ. ಬಿಲ್ ಇಲ್ಲದ ನಾಲ್ಕು ಸಾವಿರ ಬರಲ್ಲವಂತೆ. ಶೀಟ್ ಕೇಳಿದ ಗೆಳೆಯರಿಗೆ ಐದನೇ ಕಾಲಂ ಅಳಿಸಿ ಕಳಿಸಿದ್ದೇನೆ.

ಈ ವರ್ಷ ಅದೇ ಚುಕ್ಕಿಯನ್ನು ಬಿಎಗೆ ಹಾಕಿದೆ. ಅಲ್ಲಿ ನಡೆಯುತ್ತಿಲ್ಲ. ಒಂದು ಚುಕ್ಕಿಯೂ ಇಲ್ಲದ ಮೂವರು ಹುಡುಗಿಯರು ಹೋಗಿಬಿಟ್ಟರು. ಮೂವರ ಮದುವೆ ಕಾರ್ಡೂ ನನ್ನ ಡ್ರಾಯರಿನಲ್ಲಿದೆ. ಒಬ್ಬಳು ಮದುವೆಯಾದ ಮೇಲೂ ಪರೀಕ್ಷೆಗೆ ಬರ್ತೀನಿ ಸಾರ್ ಅಂದಿದ್ದಾಳೆ. ಅವಳ ಹೆಸರನ್ನು ಹಾಜರಿ ಪುಸ್ತಕದಿಂದ ಇನ್ನೂ ಹೊಡೆದಿಲ್ಲ.