ಬುದ್ಧಿಹಲ್ಲು ತೆಗೆಯುವಾಗ ನಾಡಿಯ ಮೇಲೊಂದು ಬೆರಳು

ಗೋವಾದ ವಾಸ್ಕೋ, ಝುವಾರಿನಗರದ ಕಡೆ ಬುದ್ಧಿಹಲ್ಲು ತೆಗೆಸಿಕೊಳ್ಳಲು ನನ್ನ ಬಳಿ ಬರುವವರಲ್ಲಿ ವಿಜಯಪುರ, ಗದಗ, ಹಾವೇರಿಯವರೇ ಹೆಚ್ಚು. "ಬಿಪಿ ಐತ್ರಿ ಡಾಕ್ಟರ್ರ, ಸೂಜಿ ಮಾಡಿದ್ರ ಏನೂ ಆಗಂಗಿಲ್ಲಲ್ರಿ?" ಅನ್ನುವುದೇ ಮೊದಲ ಪ್ರಶ್ನೆ. ಬಿಪಿ ಎಂದ ಕೂಡಲೇ, ರಕ್ತನಾಳ ಬಿಗಿಸುವ ಅಡ್ರಿನಾಲಿನ್ ಇಲ್ಲದ ಲಿಗ್ನೊಕೇನ್ (ಜೋಮು ಹಿಡಿಸುವ ಔಷಧ) ಎತ್ತಿಕೊಳ್ಳುವ ರೂಢಿ ದಂತವೈದ್ಯರಲ್ಲಿ ಇನ್ನೂ ಇದೆ. ನಾನು ಹಾಗೆ ಮಾಡುವುದಿಲ್ಲ. ಲಿಗ್ನೊಕೇನ್ ತಾನೇ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬರೀ ಅದನ್ನೇ ಕೊಟ್ಟರೆ ಔಷಧ ಬೇಗ ರಕ್ತ ಸೇರುತ್ತದೆ, ಮೂಳೆ ಕೊರೆಯುವ ಹೊತ್ತಿಗೆ ಜೋಮು ಇಳಿದಿರುತ್ತದೆ. ಆಗ ನೋವಿಗೂ ಹೆದರಿಕೆಗೂ ರೋಗಿಯ ಮೈಯೇ ಹೊರಬಿಡುವ ಅಡ್ರಿನಾಲಿನ್ ನಮ್ಮ ಸಿರಿಂಜಿನಲ್ಲಿದ್ದುದನ್ನು ಮೀರಬಹುದು.

ಲೆಕ್ಕ ಸುಲಭ. 2% ಲಿಗ್ನೊಕೇನ್ ಅಂದರೆ ಮಿಲಿಗೆ 20 ಮಿಗ್ರಾಂ. ಅದರಲ್ಲಿ ಬೆರೆತಿರುವ 1:80,000 ಅಡ್ರಿನಾಲಿನ್ ಅಂದರೆ ಮಿಲಿಗೆ 12.5 ಮೈಕ್ರೋಗ್ರಾಂ. ಆರೋಗ್ಯವಂತರಿಗೆ ಅಡ್ರಿನಾಲಿನ್ ಮಿತಿ 200 ಮೈಕ್ರೋಗ್ರಾಂ, ಹೃದಯದ ತೊಂದರೆ ಇರುವವರಿಗೆ 40, ಅಂದರೆ 3.2 ಮಿಲಿ. ಕೆಳದವಡೆಯ ಒಂದು ಹಲ್ಲಿಗೆ, ನರವನ್ನೇ ಜೋಮುಗೊಳಿಸುವ ಬ್ಲಾಕ್‌ಗೆ 1.8, ಕೆನ್ನೆಯ ಕಡೆಗೆ 0.5, ಒಟ್ಟು 2.3 ಮಿಲಿ ಸಾಕು. ಹೃದ್ರೋಗಿಯಲ್ಲೂ ಇದು ಮಿತಿಯೊಳಗೇ ಇದೆ. ಬಾಟಲಿಯ ಲೇಬಲ್ ಮಾತ್ರ ಪ್ರತಿಸಲ ಓದಬೇಕು, 1:2,00,000 ಇರುವುದೂ ಸಿಗುತ್ತದೆ. ರೋಗಿಯನ್ನು ಐದು ನಿಮಿಷ ಸುಮ್ಮನೆ ಕೂರಿಸಿ ಬಿಪಿ ನೋಡುತ್ತೇನೆ. 180/110 ಮುಟ್ಟಿದರೆ ಹಲ್ಲು ತೆಗೆಯುವುದನ್ನು ಮುಂದೂಡುತ್ತೇನೆ, ಮೊದಲು ಫಿಜಿಶಿಯನ್.

ಅನಾಹುತವಾಗುವುದು ಬಹುಮಟ್ಟಿಗೆ ಸೂಜಿಯ ತುದಿ ಎಲ್ಲಿದೆ, ಔಷಧ ಎಷ್ಟು ವೇಗವಾಗಿ ಹೋಯಿತು ಅನ್ನುವುದರಿಂದ. ಕೆಳದವಡೆಯ ನರದ ಪಕ್ಕದಲ್ಲೇ ಅಪಧಮನಿ, ಅಭಿಧಮನಿ ಎರಡೂ ಇವೆ. 26 ಗೇಜ್, ಒಂದೂವರೆ ಇಂಚಿನ ಸೂಜಿ ಬಳಸುತ್ತೇನೆ. ತೀರಾ ಸಣ್ಣ ಸೂಜಿ ಬಾಗುತ್ತದೆ, ರಕ್ತವೂ ಸರಿಯಾಗಿ ಹಿಂದಕ್ಕೆ ಬರುವುದಿಲ್ಲ. ಮೂಳೆ ತಾಗಿದ ಮೇಲೆ 1 ಮಿಮೀ ಹಿಂದೆಗೆದು ಪ್ಲಂಜರ್ ಎಳೆದು ನೋಡುತ್ತೇನೆ, ಸೂಜಿಯನ್ನು ತುಸು ತಿರುಗಿಸಿ ಮತ್ತೊಮ್ಮೆ ಎಳೆಯುತ್ತೇನೆ. ಸೂಜಿಯ ಓರೆಬಾಯಿಗೆ ನಾಳದ ಗೋಡೆ ಅಂಟಿಕೊಂಡರೆ ಒಳಗಿದ್ದರೂ ರಕ್ತ ಕಾಣದು, ಅದಕ್ಕೇ ಎರಡನೇ ಸಲ. ರಕ್ತ ಬಂದರೆ ಜಾಗ ಬದಲಿಸುತ್ತೇನೆ, ಕೆಂಪಾದ ಔಷಧವನ್ನು ಚೆಲ್ಲಿ ಹೊಸದು ತುಂಬುತ್ತೇನೆ. ಆಮೇಲೆ ಒಂದು ಮಿಲಿಗೆ ಒಂದು ನಿಮಿಷ, ಗಡಿಯಾರ ನೋಡಿಕೊಂಡೇ.

ಸೂಜಿ ಹೊರತೆಗೆದ ಕೂಡಲೇ ಬೆರಳು ಮಣಿಕಟ್ಟಿನ ಮೇಲೆ. "ಎದಿ ದಡದಡ ಅಂತೈತ್ರಿ" ಎಂದು ಕೈ ನಡುಗಿಸುವವರ ನಾಡಿ 120 ದಾಟಿದ್ದರೆ ಅಡ್ರಿನಾಲಿನ್ ರಕ್ತಕ್ಕೆ ನೇರ ಹೋಗಿರಬಹುದು. ಎತ್ತಿ ಕೂರಿಸಿ, ಧೈರ್ಯ ಹೇಳಿ, ಬಿಪಿ ನೋಡುತ್ತಿದ್ದರೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಇಳಿಯುತ್ತದೆ. ಮುಖ ಬಿಳಿಚಿ, ತಣ್ಣನೆ ಬೆವರು ಬಂದು ನಾಡಿ ನಿಧಾನವಾದರೆ ಅದು ಹೆದರಿಕೆಯ ಮೂರ್ಛೆ. ಕುರ್ಚಿ ಮಲಗಿಸಿ ಕಾಲು ಎತ್ತರಿಸಬೇಕು, ಬಸುರಿಯಾದರೆ ಎಡಮಗ್ಗುಲಿಗೆ. ಎರಡನ್ನೂ ಅದಲುಬದಲು ಮಾಡಿದರೆ ರೋಗಿಗೆ ಕಷ್ಟ. ಹಲ್ಲು ಕೀಳಿಸಲು ಉಪವಾಸ ಬರಬೇಕೆಂದು ನಂಬಿದವರೇ ಹೆಚ್ಚು ಮೂರ್ಛೆ ಹೋಗುತ್ತಾರೆ. ಹಾಗಾಗಿ "ಅಣ್ಣಾರ, ರೊಟ್ಟಿ ತಿಂದು, ಬಿಪಿ ಗುಳಿಗಿ ನುಂಗೇ ಬರ್ರಿ" ಅಂತ ಹಿಂದಿನ ದಿನವೇ ಹೇಳಿ ಕಳಿಸುತ್ತೇನೆ. ಕಿವಿಯಲ್ಲಿ ಗುಂಯ್ ಅನ್ನುವುದು, ಬಾಯಲ್ಲಿ ಲೋಹದ ರುಚಿ, ಮಾತು ತೊದಲುವುದು ಬೇರೆಯೇ ಸೂಚನೆ. ಅದು ಲಿಗ್ನೊಕೇನೇ ಹೆಚ್ಚಾದದ್ದು. ಆಮ್ಲಜನಕ ಕೊಟ್ಟು, 108ಕ್ಕೆ ಕರೆ ಮಾಡಬೇಕು.

ನಾಡಿ ತಗ್ಗಿಸುವ ಪ್ರೊಪ್ರನೊಲಾಲ್ ಗುಳಿಗೆ ನುಂಗುವವರ ಬಗ್ಗೆ ನನಗೆ ಹೆಚ್ಚು ಎಚ್ಚರ. ತಲೆಶೂಲೆಗೋ ಕೈನಡುಕಕ್ಕೋ ಕೊಟ್ಟಿರುತ್ತಾರೆ, ರೋಗಿ ಅದನ್ನು ಬಿಪಿ ಗುಳಿಗೆ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ಸ್ನಾಯುಗಳ ನಾಳ ಹಿಗ್ಗಿಸುವ ದಾರಿಯನ್ನು ಮುಚ್ಚುವುದರಿಂದ ಅಡ್ರಿನಾಲಿನ್‌ನ ಬಿಗಿಯುವ ಗುಣವೊಂದೇ ಉಳಿದು, ಬಿಪಿ ಏರಿ ನಾಡಿ ಇಳಿಯಬಹುದು. ಅಂಥವರಿಗೆ ಮೊದಲು 0.9 ಮಿಲಿ, ಐದು ನಿಮಿಷದ ನಂತರ ಬಿಪಿ, ಏರದಿದ್ದರೆ ಮಾತ್ರ ಉಳಿದದ್ದು.

ಹಲ್ಲು ತೆಗೆದ ಗುಳಿ ಬಿಳಿಚಿ ಒಣಗಿದಂತಿದ್ದರೂ ಹೊಲಿಗೆ ಬಿಡುವುದಿಲ್ಲ. ಅಡ್ರಿನಾಲಿನ್‌ನಿಂದ ಬಿಗಿದಿದ್ದ ನಾಳಗಳು ಎರಡು ಮೂರು ಗಂಟೆಯಲ್ಲಿ ಸಡಿಲವಾಗಿ ಹಿಗ್ಗಿದಾಗ, ರೋಗಿ ಮನೆ ಸೇರಿದ ಮೇಲೆ, ರಕ್ತ ಒಸರಬಹುದು. ಅದಕ್ಕೇ ಹೆಚ್ಚುವರಿ ಗಾಜ್ ಬಟ್ಟೆ ಕೈಗೆ ಕೊಟ್ಟು, ರಕ್ತ ಬಂದರೆ ಅರ್ಧ ಗಂಟೆ ಗಟ್ಟಿಯಾಗಿ ಕಚ್ಚಿ ಹಿಡಿಯಿರಿ, ಆಗಲೂ ನಿಲ್ಲದಿದ್ದರೆ ರಾತ್ರಿಯಾದರೂ ಫೋನ್ ಮಾಡಿ ಎಂದು ಜೊತೆಗೆ ಬಂದವರಿಗೂ ಹೇಳುತ್ತೇನೆ.